ಜೇಬಿನ ಅಳತೆಯ ಪಿಸ್ತೂಲು

(ಬಡಾವಣೆಯ ಗ್ರಂಥಾಲಯವೊಂದರಲ್ಲಿ ನಡೆಯುವ ತಿಂಗಳ ಮಾತುಕತೆಯಲ್ಲಿ ನಮ್ಮ ವರದಿಗಾರ ಮಾಡಿದ ಭಾಷಣದ ಬರಹ ರೂಪ)



ಪಿಸ್ತೂಲಿನ ಬಗ್ಗೆ ಮಾತನಾಡುತ್ತೇನೆ ಎಂದಾಗ ಈ ಕಾರ್ಯಕ್ರಮ ನಡೆಸುವ ಹಿರಿಯರು ಒಂದು ಗಳಿಗೆ ಸುಮ್ಮನಾದರು. 'ಬೇರೆ ವಿಷಯ ಯಾವುದೂ ಇಲ್ಲವೇನಪ್ಪಾ?' ಎಂದು ಕೇಳಿದರು. ಇಲ್ಲವೆಂದಲ್ಲ. ಆದರೆ ಕೆಲವು ತಿಂಗಳಿಂದ ನನ್ನ ತಲೆ ತಿನ್ನುತ್ತಿರುವುದು ಇದೇ. ಅದಕ್ಕೆ ಕಾರಣ ನನ್ನ ಭಾವ.

ಭಾವ ಇರುವುದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಾಲಸ್ ನಗರದ ಹೊರಗೆ. ಅಲ್ಲಿನ ಪೌರತ್ವ ಸಿಕ್ಕಿ ವರ್ಷಗಳಾದವು. ಅವರ ಬೀದಿಯಲ್ಲಿ ಒಂದು ಮನೆ ಕಳವಾಯಿತು. ಒಂದು ದಿನ ಫೋನ್ ಮಾಡಿ, 'ನೀನು ಕ್ರೈಂ ರಿಪೋರ್ಟರ್ ಅಲ್ವೇನಯ್ಯಾ? ಒಂದು ಸಣ್ಣ ಪಿಸ್ತೂಲು ತಗೊಳ್ಳೋಣ ಅಂತಿದೀನಿ. ಶರ್ಟಿನ ಒಳಗೆ ಕಾಣದ ಹಾಗೆ ಇಟ್ಕೊಳ್ಳೋಕೂ ಆಗಬೇಕು, ಭಾನುವಾರ ರೇಂಜಿಗೆ ಹೋಗಿ ಗುರಿ ಹೊಡೆಯೋಕೂ ಆಗಬೇಕು. ಯಾವುದು ಒಳ್ಳೇದು?' ಎಂದರು. ಮಾರನೆಯ ದಿನ ಅಕ್ಕನ ಫೋನು. 'ಬೇಡ ಅಂತ ಹೇಳೋ. ನಾನು ಹೇಳಿದ್ರೆ ಕಿವಿಗೇ ಹಾಕ್ಕೊಳ್ಳಲ್ಲ. ಮನೇಲಿ ಎರಡು ಮಕ್ಕಳಿವೆ ಕಣೋ.'

ನಿಜ ಹೇಳಬೇಕೆಂದರೆ ನನಗೆ ಏನೂ ಗೊತ್ತಿರಲಿಲ್ಲ. ಪೊಲೀಸರ ಪತ್ರಿಕಾಗೋಷ್ಠಿಗಳಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟ ನಾಡಪಿಸ್ತೂಲುಗಳನ್ನು ನೋಡಿದ್ದೇನೆ, ಅಷ್ಟೇ. ಹಾಗಾಗಿ ಓದತೊಡಗಿದೆ. ಭಾವನ ಪ್ರಶ್ನೆ ನೋಡಲು ಸರಳ. ಆದರೆ ಅದರಲ್ಲಿ ಎರಡು ಆಸೆಗಳಿವೆ, ಮತ್ತು ಆ ಎರಡಕ್ಕೂ ಒಂದಕ್ಕೊಂದು ಆಗಿಬರುವುದಿಲ್ಲ.

ಮೊದಲು ಗುರಿಯ ಮಾತು. ಪಿಸ್ತೂಲಿನ ಬೆನ್ನ ಮೇಲೆ ಎರಡು ಗುರುತುಗಳಿರುತ್ತವೆ. ಹಿಂದೆ ಒಂದು ಸಣ್ಣ ಕಚ್ಚು, ಮುಂದೆ ಮೊಳೆಯ ತಲೆಯಂಥ ಉಬ್ಬು. ಎರಡನ್ನೂ ಗುರಿಯೊಡನೆ ಒಂದೇ ನೇರಕ್ಕೆ ತರಬೇಕು. ಅವೆರಡರ ನಡುವೆ 15 ಸೆಂ.ಮೀ. ಅಂತರವಿದ್ದು, ಕೈ ನಡುಗಿ ಮುಂದಿನ ಉಬ್ಬು ಕೇವಲ 1 ಮಿ.ಮೀ. ಪಕ್ಕಕ್ಕೆ ಸರಿಯಿತು ಎನ್ನಿ. 10 ಮೀಟರ್ ದೂರದಲ್ಲಿ ಗುಂಡು ಸುಮಾರು ಆರೂವರೆ ಸೆಂ.ಮೀ. ಪಕ್ಕಕ್ಕೆ ಬೀಳುತ್ತದೆ. ಅಂತರ 10 ಸೆಂ.ಮೀ.ಗೆ ಇಳಿದರೆ ಅದೇ ನಡುಕಕ್ಕೆ ಗುಂಡು ಪೂರಾ 10 ಸೆಂ.ಮೀ. ತಪ್ಪುತ್ತದೆ. ಇದಕ್ಕೆ ತ್ರಿಕೋನಮಿತಿ ಬೇಡ, ಹೈಸ್ಕೂಲಿನ ಅನುಪಾತದ ಲೆಕ್ಕ ಸಾಕು. ಪಿಸ್ತೂಲು ಗಿಡ್ಡವಾದಷ್ಟೂ ಕೈಯ ತಪ್ಪನ್ನು ದೊಡ್ಡದು ಮಾಡಿ ತೋರಿಸುತ್ತದೆ.

ಎರಡನೆಯದು ಒದೆತ. ಗುಂಡು ಮುಂದಕ್ಕೆ ಹೋದಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ಹಗುರವಾದಷ್ಟೂ ಜೋರಾಗಿ ಒದೆಯುತ್ತದೆ. ಆಸ್ಟ್ರಿಯಾದ ಸೇನೆ 1982ರಲ್ಲಿ ಆರಿಸಿಕೊಂಡ ಗ್ಲಾಕ್ 17 ಗುಂಡಿಲ್ಲದೆ ಸುಮಾರು 700 ಗ್ರಾಂ ತೂಗುತ್ತದೆ. 2018ರಲ್ಲಿ ಬಂದು ಅಮೆರಿಕದ ಅಂಗಡಿಗಳಲ್ಲಿ ಭರ್ಜರಿಯಾಗಿ ಮಾರಾಟವಾದ ಸಿಗ್ ಪಿ 365 ಅದೇ 9 ಮಿ.ಮೀ. ತೋಟಾ ಹಾರಿಸುತ್ತದೆ, ಆದರೆ ತೂಕ ಸುಮಾರು 500 ಗ್ರಾಂ. ಅಂಗೈಗೆ ಹಿಡಿ ಸಾಲದೆ ಕಿರುಬೆರಳು ಗಾಳಿಯಲ್ಲಿ ನೇತಾಡುವಂಥ ಇನ್ನೂ ಸಣ್ಣವೂ ಇವೆ. ರೂಗರ್ ಕಂಪನಿ 2008ರಲ್ಲಿ ತಂದ ಎಲ್‌ಸಿಪಿ ಎಂಬುದು ಮುನ್ನೂರು ಗ್ರಾಂ ಕೂಡ ಇಲ್ಲ. ಪ್ಯಾಂಟಿನ ಜೇಬಿನಲ್ಲಿದ್ದರೆ ಇದೆಯೋ ಇಲ್ಲವೋ ಎಂದು ತಡವಿ ನೋಡಿಕೊಳ್ಳಬೇಕು. ಆದರೆ ಅದನ್ನು ಹಿಡಿದು ಗಂಟೆಗಟ್ಟಲೆ ಅಭ್ಯಾಸ ಮಾಡುವುದು ಸುಖದ ಕೆಲಸವಲ್ಲ.

ಇಲ್ಲೇ ಒಂದು ವಿಚಿತ್ರವಿದೆ ನೋಡಿ. ಸಣ್ಣ ಪಿಸ್ತೂಲಿನಲ್ಲಿ ಗುರಿ ಹಿಡಿಯುವುದು ಕಷ್ಟ, ಆದ್ದರಿಂದ ಅದಕ್ಕೆ ಹೆಚ್ಚು ಅಭ್ಯಾಸ ಬೇಕು. ಆದರೆ ಅದು ಕೈ ನೋಯಿಸುವುದರಿಂದ ಜನ ಕಡಿಮೆ ಅಭ್ಯಾಸ ಮಾಡುತ್ತಾರೆ. ಯಾವುದಕ್ಕೆ ಹೆಚ್ಚು ಕಲಿಕೆ ಬೇಕೋ ಅದನ್ನೇ ಕಲಿಯದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು!

ಗುರಿಯ ಆಟದವರ ಪಿಸ್ತೂಲು ಬೇರೆಯದೇ ಜಾತಿ. ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದದ್ದು, ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಆ ಸ್ಪರ್ಧೆಯಲ್ಲಿ ಪಿಸ್ತೂಲನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟು ಅಳೆಯುತ್ತಾರೆ. ಪೆಟ್ಟಿಗೆ 420 ಮಿ.ಮೀ. ಉದ್ದ, 200 ಮಿ.ಮೀ. ಎತ್ತರ, 50 ಮಿ.ಮೀ. ಅಗಲ. ಅದರಲ್ಲಿ ಹಿಡಿಸಿದರೆ ಆಯಿತು. ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿ.ಮೀ., ಒಂದು ಅಂಗಿಯ ಗುಂಡಿಯಷ್ಟು. ಟ್ರಿಗರ್ ಎಳೆಯಲು ಅರ್ಧ ಕಿಲೋ ಒತ್ತಡ ಸಾಕು. ಸೊಂಟದಲ್ಲಿಟ್ಟುಕೊಳ್ಳುವ ಪಿಸ್ತೂಲಿಗೆ ಇಷ್ಟು ಹಗುರದ ಟ್ರಿಗರ್ ಇದ್ದರೆ ಕಾರಿನಲ್ಲಿ ಕೂರುವಾಗಲೇ ಕಾಲು ಹೋದೀತು. ಅದಕ್ಕಾಗಿ ಅಲ್ಲಿ ಎರಡೂವರೆ ಕಿಲೋ ಆಸುಪಾಸು ಇಡುತ್ತಾರೆ, ಮತ್ತು ಅಷ್ಟು ಬಲ ಹಾಕಿ ಎಳೆಯುವಾಗ ಗುರಿ ಅಲ್ಲಾಡುತ್ತದೆ. ಆಟದ ಪಿಸ್ತೂಲಿಗೆ ಅಳತೆ ಆ ಪೆಟ್ಟಿಗೆ. ಭಾವ ಕೇಳುತ್ತಿರುವ ಪಿಸ್ತೂಲಿಗೆ ಅಳತೆ ಜೇಬು.

ಈ ಜೇಬಿನ ಕಥೆ ಹಳೆಯದು. ಫಿಲಡೆಲ್ಫಿಯಾದಲ್ಲಿ ಹೆನ್ರಿ ಡೆರಿಂಜರ್ ಎಂಬ ಬಂದೂಕು ಕಮ್ಮಾರನಿದ್ದ. ಒಂದೇ ಗುಂಡಿನ, ಅಂಗೈಯಲ್ಲಿ ಅಡಗುವ ಪಿಸ್ತೂಲುಗಳಿಗೆ ಹೆಸರಾದವನು. ಎಷ್ಟು ಹೆಸರೆಂದರೆ, ನಕಲು ಮಾಡಿದವರು ಅವನ ಹೆಸರಿನ ಇಂಗ್ಲಿಷ್ ಕಾಗುಣಿತಕ್ಕೆ ಒಂದು ಅಕ್ಷರ ಹೆಚ್ಚಾಗಿ ಸೇರಿಸಿ ಮಾರಿದರು, ಕೊನೆಗೆ ಆ ತಪ್ಪು ಕಾಗುಣಿತವೇ ಆ ಜಾತಿಯ ಪಿಸ್ತೂಲಿಗೆಲ್ಲ ಹೆಸರಾಗಿ ಉಳಿಯಿತು. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರಿನಲ್ಲಿ ಅಧ್ಯಕ್ಷ ಲಿಂಕನ್ನರ ತಲೆಯ ಹಿಂದೆ ನಿಂತು ನಟ ಬೂತ್ ಹಾರಿಸಿದ್ದು ಅದೇ ಡೆರಿಂಜರನ ಪಿಸ್ತೂಲು. ಆರು ಇಂಚು ಕೂಡ ಇಲ್ಲ. ಇಪ್ಪತ್ತು ಅಡಿ ದೂರದಿಂದ ಅದರಲ್ಲಿ ಗುರಿ ಮುಟ್ಟುವುದು ಅನುಮಾನ. ಆದರೆ ಬೂತನಿಗೆ ಗುರಿ ಹಿಡಿಯುವ ಅಗತ್ಯವೇ ಇರಲಿಲ್ಲ. ಹತ್ತಿರ ಹೋಗುವುದಷ್ಟೇ ಬೇಕಾಗಿತ್ತು, ಬಚ್ಚಿಟ್ಟ ಪಿಸ್ತೂಲು ಅವನನ್ನು ಹತ್ತಿರ ಬಿಟ್ಟಿತು.

ಮುಂದೆ ಈ ವಿದ್ಯೆಯನ್ನು ಕರಗತ ಮಾಡಿಕೊಂಡವನು ಯೂಟಾ ರಾಜ್ಯದ ಜಾನ್ ಬ್ರೌನಿಂಗ್. ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಗಾಗಿ 1899ರಲ್ಲಿ ಆತ ಒಂದು ಚಿಕ್ಕ ತೋಟಾ ರೂಪಿಸಿದ. ಯೂರೋಪಿನವರು ಅದನ್ನು 7.65 ಮಿ.ಮೀ. ಎಂದರು, ಅಮೆರಿಕದವರು ಪಾಯಿಂಟ್ 32 ಎಂದರು. ಈ ಅಂಕಿ ನೆನಪಿಡಿ, ಮತ್ತೆ ಬರುತ್ತದೆ. 1903ರಲ್ಲಿ ಕೋಲ್ಟ್ ಕಂಪನಿಗೆ ಆತ ಮಾಡಿಕೊಟ್ಟ ಜೇಬಿನ ಪಿಸ್ತೂಲು ಐದು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಅದರ ಸುತ್ತಿಗೆಯನ್ನು ಒಳಗೆ ಮುಚ್ಚಿಟ್ಟಿದ್ದ. ಏಕೆ? ಎಳೆದು ತೆಗೆಯುವಾಗ ಜೇಬಿನ ಬಟ್ಟೆಗೆ ಸಿಕ್ಕಿಕೊಳ್ಳಬಾರದು ಎಂದು. 1908ರಲ್ಲಿ ಕೋಲ್ಟ್ ಇನ್ನೂ ಚಿಕ್ಕದೊಂದನ್ನು ತಂದು ಅದಕ್ಕೆ ವೇಸ್ಟ್‌ಕೋಟಿನ ಜೇಬಿನ ಹೆಸರನ್ನೇ ಇಟ್ಟಿತು. ದರ್ಜಿ ಮತ್ತು ಕಮ್ಮಾರ ಕೂಡಿ ಕೂತು ಅಳತೆ ತೆಗೆದಂತಿತ್ತು ಆ ಕಾಲ.

1914ರ ಜೂನ್ 28ರಂದು ಸರಾಯೆವೊ ನಗರದಲ್ಲಿ ಆಸ್ಟ್ರಿಯಾದ ಯುವರಾಜನನ್ನು ಕೊಂದ ಗಾವ್ರಿಲೊ ಪ್ರಿನ್ಸಿಪನ ಕೈಯಲ್ಲಿದ್ದದ್ದೂ ಬ್ರೌನಿಂಗ್ ರೂಪಿಸಿದ 1910ರ ಮಾದರಿಯ ಎಫ್‌ಎನ್ ಪಿಸ್ತೂಲೇ, ಅವನೇ ರೂಪಿಸಿದ 9 ಮಿ.ಮೀ. ಗಿಡ್ಡ ತೋಟಾ. ಮೊದಲ ಮಹಾಯುದ್ಧಕ್ಕೆ ಕಿಡಿ ಹಚ್ಚಿದ್ದು ಕೋಟಿನೊಳಗೆ ಅಡಗುವ ಒಂದು ವಸ್ತು. 1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಗೋಡ್ಸೆ ಹಾರಿಸಿದ ಮೂರು ಗುಂಡುಗಳೂ ಅದೇ ಅಳತೆಯವು. ಪಿಸ್ತೂಲು ಇಟಲಿಯ ಬೆರೆಟ್ಟಾ, 1934ರ ಮಾದರಿ, ಉದ್ದ ಸುಮಾರು 15 ಸೆಂ.ಮೀ. ಒಂದು ಗೇಣೂ ಇಲ್ಲ. ನಮಸ್ಕರಿಸುವಷ್ಟು ಹತ್ತಿರದಿಂದ.

ಇಷ್ಟು ಓದಿದ ಮೇಲೆ ಭಾವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವರು ನಕ್ಕು, 'ನಾನೇನು ಯಾರನ್ನಾದರೂ ಕೊಲ್ಲೋಕೆ ಹೊರಟಿದೀನಾ? ಇಲ್ಲಿ ಕಾನೂನೇ ಇದೆ' ಎಂದರು. ಅದೂ ಸರಿಯೇ. ಹಾಗಾಗಿ ಟೆಕ್ಸಾಸಿನ ಕಾನೂನನ್ನೂ ಓದಿದೆ. ಅಲ್ಲಿ ನನಗೆ ನಿಜವಾದ ಆಶ್ಚರ್ಯ ಕಾದಿತ್ತು.

ನಾವು ಸಿನಿಮಾ ನೋಡಿ ಅಮೆರಿಕದಲ್ಲಿ ಯಾವಾಗಲೂ ಎಲ್ಲರೂ ಪಿಸ್ತೂಲು ಇಟ್ಟುಕೊಂಡೇ ಓಡಾಡುತ್ತಿದ್ದರು ಅಂದುಕೊಂಡಿದ್ದೇವೆ. ಆದರೆ ಆಯುಧವನ್ನು ಬಚ್ಚಿಟ್ಟು ಒಯ್ಯುವುದನ್ನು ಕೆಂಟಕಿ ಮತ್ತು ಲೂಸಿಯಾನ ರಾಜ್ಯಗಳು 1813ರಲ್ಲೇ ನಿಷೇಧಿಸಿದ್ದವು. ಸೊಂಟದ ಮೇಲೆ ಕಾಣುವಂತೆ ಇಟ್ಟುಕೊಂಡವನು ಮರ್ಯಾದಸ್ಥ, ಕೋಟಿನ ಒಳಗೆ ಇಟ್ಟುಕೊಂಡವನು ಹೊಂಚುಗಾರ ಎಂಬ ಭಾವನೆ ಅಂದಿನದು. ಟೆಕ್ಸಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 1871ರಲ್ಲಿ ಕೆಲವು ವಿನಾಯಿತಿಗಳನ್ನು ಬಿಟ್ಟು ಪಿಸ್ತೂಲು ಒಯ್ಯುವುದನ್ನೇ ನಿಷೇಧಿಸಿತು. ಕೌಬಾಯ್‌ಗಳ ನಾಡು ಎಂದು ನಾವು ತಿಳಿದಿರುವ ಟೆಕ್ಸಾಸು! ಆ ಕಾನೂನು ನೂರಕ್ಕೂ ಹೆಚ್ಚು ವರ್ಷ ಬಾಳಿತು.

ಅದನ್ನು ಅಲುಗಾಡಿಸಿದ್ದು ಒಂದು ಮಧ್ಯಾಹ್ನದ ಊಟ. 1991ರ ಅಕ್ಟೋಬರ್ 16ರಂದು ಕಿಲೀನ್ ಊರಿನ ಲೂಬೀಸ್ ಎಂಬ ಕೆಫೆಟೇರಿಯಾದ ಗಾಜು ಒಡೆದುಕೊಂಡು ಒಬ್ಬಾತ ಗಾಡಿ ನುಗ್ಗಿಸಿದ, ಇಳಿದು ಗುಂಡು ಹಾರಿಸತೊಡಗಿದ. 23 ಜನ ಸತ್ತರು. ಸುಸಾನಾ ಗ್ರೇಷಿಯಾ ಎಂಬ ಯುವತಿ ಅಪ್ಪ ಅಮ್ಮನ ಜೊತೆ ಅಲ್ಲಿ ಊಟಕ್ಕೆ ಕೂತಿದ್ದರು. ಅವರ ಬಳಿ ರಿವಾಲ್ವರ್ ಇತ್ತು. ಆದರೆ ಕಾನೂನಿಗೆ ಹೆದರಿ, ಸಿಕ್ಕಿಬಿದ್ದರೆ ತಮ್ಮ ವೃತ್ತಿಯ ಪರವಾನಗಿ ಹೋದೀತೆಂದು, ಅದನ್ನು ಹೊರಗೆ ಕಾರಿನಲ್ಲೇ ಬಿಟ್ಟು ಬಂದಿದ್ದರು. ಅಪ್ಪ ಕೊಲೆಗಾರನ ಮೇಲೆ ಎರಗಲು ಹೋಗಿ ಗುಂಡು ತಿಂದರು. ಅಮ್ಮ ಗಂಡನನ್ನು ಬಿಟ್ಟು ಬರಲಿಲ್ಲ, ಅವರೂ ಸತ್ತರು. ಸುಸಾನಾ ಮುಂದೆ ಊರೂರಿನ ಶಾಸನಸಭೆಗಳ ಮುಂದೆ ಈ ಕಥೆ ಹೇಳಿದರು, ತಾವೂ ಶಾಸಕಿಯಾದರು. ಆ ರಿವಾಲ್ವರ್ ಕೈಯಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರವಿಲ್ಲ. ಆದರೆ ಅವರ ಮುಂದೆ ನಿಂತು 'ನಿಮ್ಮ ವಾದ ತಪ್ಪು' ಎನ್ನಲು ನನಗಂತೂ ಬಾಯಿ ಬರಲಾರದು.

1995ರಲ್ಲಿ ಟೆಕ್ಸಾಸ್ ಪರವಾನಗಿ ಪಡೆದವರಿಗೆ ಬಚ್ಚಿಟ್ಟು ಒಯ್ಯಲು ಅವಕಾಶ ಕೊಟ್ಟಿತು. ಸಹಿ ಹಾಕಿದ ಗವರ್ನರ್ ಜಾರ್ಜ್ ಡಬ್ಲ್ಯು. ಬುಷ್. ಆಗ ತರಗತಿ, ಪರೀಕ್ಷೆ, ಗುರಿ ಹೊಡೆದು ತೋರಿಸುವುದು ಎಲ್ಲ ಇತ್ತು. 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ತುಂಬಿದ, ಕಾನೂನಿನ ಅಡ್ಡಿಯಿಲ್ಲದ ಯಾರಿಗೂ ಪರವಾನಗಿಯೇ ಬೇಡವಾಯಿತು. 2024ರ ಹೊತ್ತಿಗೆ ಇಂಥ ರಾಜ್ಯಗಳು 29. ಅಂದರೆ ಭಾವ ಒಂದು ಗುಂಡನ್ನೂ ಹಾರಿಸಿ ತೋರಿಸದೆ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಕಿರಾಣಿ ಅಂಗಡಿಗೆ ಹೋಗಬಹುದು.

ಕಾನೂನು ಬದಲಾದಂತೆ ಪಿಸ್ತೂಲಿನ ಆಕಾರವೂ ಬದಲಾಗುತ್ತ ಹೋದದ್ದು ಇನ್ನೊಂದು ಸ್ವಾರಸ್ಯ. ಜರ್ಮನಿಯ ವಾಲ್ಟರ್ ಪಿಪಿಕೆ ಹೆಸರು ಕೇಳಿರುತ್ತೀರಿ, ಜೇಮ್ಸ್ ಬಾಂಡನ ಪಿಸ್ತೂಲು. ಬಾಂಡನಿಗೆ ಮೊದಲಿದ್ದದ್ದು ಒಂದು ಪುಟ್ಟ ಬೆರೆಟ್ಟಾ. ಗ್ಲಾಸ್ಗೋ ಕಡೆಯ ಬೂತ್ರಾಯ್ಡ್ ಎಂಬ ಬಂದೂಕು ಪ್ರೇಮಿ, 'ಅದು ಹೆಂಗಸರ ಪಿಸ್ತೂಲು' ಎಂಬ ಅರ್ಥದಲ್ಲಿ ಲೇಖಕ ಇಯಾನ್ ಫ್ಲೆಮಿಂಗ್‌ಗೆ ಪತ್ರ ಬರೆದ ಮೇಲೆ, 1958ರ 'ಡಾಕ್ಟರ್ ನೋ' ಕಾದಂಬರಿಯಲ್ಲಿ ವಾಲ್ಟರ್ ಬಂತು. ಓದುಗರ ಪತ್ರಕ್ಕೆ ಇಷ್ಟು ಬೆಲೆ ಕೊಟ್ಟ ಲೇಖಕರು ಕಡಿಮೆ! 1968ರಲ್ಲಿ ಅಮೆರಿಕ ಆಮದು ಪಿಸ್ತೂಲುಗಳಿಗೆ ಕನಿಷ್ಠ ಗಾತ್ರ ಗೊತ್ತುಮಾಡಿದಾಗ ಈ ಪಿಪಿಕೆಯ ಎತ್ತರ ಕೂದಲೆಳೆಯಷ್ಟು ಕಡಿಮೆ ಬಿತ್ತು. ಕಂಪನಿ ಅದರ ಅಣ್ಣನಂಥ ಪಿಪಿ ಮಾದರಿಯ ಹಿಡಿಗೆ ಪಿಪಿಕೆಯ ಮೇಲ್ಭಾಗ ಜೋಡಿಸಿ ಹೊಸ ಹೆಸರಿಟ್ಟು ಕಳಿಸಿತು.

1994ರ ಸೆಪ್ಟೆಂಬರಿನಲ್ಲಿ ಬಂದ ಇನ್ನೊಂದು ಕಾಯಿದೆ, ಹತ್ತು ವರ್ಷ ಮಾತ್ರ ಬದುಕಿದ್ದು, ಹೊಸ ಮ್ಯಾಗಜೀನುಗಳಲ್ಲಿ (ನಮ್ಮ ವೃತ್ತಿಯವರಿಗೆ ಈ ಪದ ಬೇರೆ ಏನನ್ನೋ ನೆನಪಿಸುತ್ತದೆ, ಇಲ್ಲಿ ತೋಟಾ ತುಂಬುವ ಪೆಟ್ಟಿಗೆ) ಹತ್ತಕ್ಕಿಂತ ಹೆಚ್ಚು ತೋಟಾ ಇರಕೂಡದು ಎಂದಿತು. ಹತ್ತೇ ಎಂದಾದರೆ ಹದಿನೇಳು ಹಿಡಿಯುವ ದಪ್ಪ ಹಿಡಿಯನ್ನು ಏಕೆ ಹೊರಬೇಕು? 1995ರಲ್ಲಿ ಗ್ಲಾಕ್ 26 ಬಂತು, ಸರಿಯಾಗಿ ಹತ್ತು ತೋಟಾದ ಗಿಡ್ಡ ಪಿಸ್ತೂಲು. ಅಪಾಯ ಕಡಿಮೆ ಮಾಡಲು ಹೊರಟ ಕಾನೂನು, ಬಚ್ಚಿಡಲು ಹೆಚ್ಚು ಅನುಕೂಲವಾದ ಪಿಸ್ತೂಲಿಗೆ ಮಾರುಕಟ್ಟೆ ಮಾಡಿಕೊಟ್ಟಿತು.

ನಮ್ಮಲ್ಲಿ ಹೇಗೆ ಎಂದು ನೀವು ಕೇಳಬಹುದು. 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. 9 ಮಿ.ಮೀ. ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಸಿಗುವುದು ಮುಖ್ಯವಾಗಿ ಪಾಯಿಂಟ್ 32. ದೆಹಲಿಯ ನಿರ್ಭಯಾ ಪ್ರಕರಣದ ನಂತರ, 2014ರ ಜನವರಿಯಲ್ಲಿ, ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರ ಕೈಚೀಲಕ್ಕೆಂದು 'ನಿರ್ಭೀಕ್' ಎಂಬ ಅರ್ಧ ಕಿಲೋ ತೂಕದ ರಿವಾಲ್ವರ್ ತಂದಿತು. ಬೆಲೆ ಒಂದು ಲಕ್ಷದ ಇಪ್ಪತ್ತೆರಡು ಸಾವಿರ ರೂಪಾಯಿಗೂ ಮೇಲೆ. ಒಡವೆಯ ಹಾಗೆ ಮಖಮಲ್ಲಿನ ಪೆಟ್ಟಿಗೆಯಲ್ಲಿ ಕೊಟ್ಟರು. ರಾತ್ರಿ ಬಸ್ಸು ಹಿಡಿಯುವ ಹುಡುಗಿಯರಲ್ಲಿ ಎಷ್ಟು ಜನ ಅದನ್ನು ಕೊಳ್ಳಬಲ್ಲರು ಎಂದು ಪೆಟ್ಟಿಗೆ ಮಾಡಿದವರು ಯೋಚಿಸಿದಂತಿಲ್ಲ.

ಕೊಡಗಿನವರ ಕೋವಿಯ ಮಾತೇ ಬೇರೆ. ಅದು ಮನೆಯ ಗೋಡೆಯ ಮೇಲೆ ಬಂದವರಿಗೆಲ್ಲ ಕಾಣುವಂತೆ ಇರುತ್ತದೆ. ಕೈಲ್ ಮುಹೂರ್ತದ ದಿನ ನಳಿಗೆಗೆ ಹೂವು ಸಿಕ್ಕಿಸಿ ಪೂಜಿಸುತ್ತಾರೆ, ಮರದ ತುದಿಯ ತೆಂಗಿನಕಾಯಿಗೆ ಗುರಿ ಹೊಡೆಯುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು; ಊರಿಗೆ ಕೇಳಲೆಂದೇ. ಅಲ್ಲಿ ಬಚ್ಚಿಡುವುದು ಏನೂ ಇಲ್ಲ.

ಬಚ್ಚಿಟ್ಟದ್ದು ಬೇರೆ ಕಡೆ ಕಂಡಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಮನೆಯ ಬಾಗಿಲಲ್ಲಿ, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರ ಮನೆಯ ಗೇಟಿನ ಬಳಿ. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ನೆನಪಿಡಿ ಎಂದಿದ್ದೆನಲ್ಲ, ಆ ಅಂಕಿ. 1899ರಲ್ಲಿ ಬ್ರೌನಿಂಗ್ ಜೇಬಿಗೆಂದು ರೂಪಿಸಿದ ತೋಟಾ ಅದು. ನಮ್ಮ ವೃತ್ತಿಯವರು ಈ ಅಂಕಿಯನ್ನು ಸುಲಭವಾಗಿ ಬರೆದು ಮುಂದಕ್ಕೆ ಹೋಗಲಾರೆವು.

ಸರಿ, ಭಾವನ ಕಥೆ ಮುಗಿಸುತ್ತೇನೆ. ಅಲ್ಲಿನ ರೇಂಜುಗಳಲ್ಲಿ ಪಿಸ್ತೂಲು ಬಾಡಿಗೆಗೆ ಸಿಗುತ್ತದೆ. 'ಕೊಳ್ಳೋ ಮುಂಚೆ ಒಂದು ಭಾನುವಾರ ನಾಲ್ಕು ಥರದ್ದು ಹೊಡೆದು ನೋಡಿ ಭಾವ' ಎಂದೆ. ಓದಿದ್ದರಲ್ಲಿ ನನಗೆ ಗ್ಯಾರಂಟಿಯಾಗಿ ತೋರಿದ ಸಲಹೆ ಅದೊಂದೇ. ಹೋದರು, ಅಕ್ಕನನ್ನೂ ಕರೆದುಕೊಂಡು. ಎಲ್ಲಕ್ಕಿಂತ ಸಣ್ಣದರಲ್ಲಿ ಇಪ್ಪತ್ತು ಗುಂಡು ಹೊಡೆಯುವಷ್ಟರಲ್ಲಿ ಹೆಬ್ಬೆರಳಿನ ಬುಡ ಕೆಂಪಾಯಿತಂತೆ, ಗುಂಡುಗಳು ಕಾಗದದ ನಾಲ್ಕು ಮೂಲೆಗೆ ಹಂಚಿಹೋದವಂತೆ. ಮಧ್ಯಮ ಗಾತ್ರದ ಗ್ಲಾಕ್ 19ರಲ್ಲಿ ಗುಂಡುಗಳೆಲ್ಲ ಒಂದು ಊಟದ ತಟ್ಟೆಯ ಅಗಲದಲ್ಲಿ ಕೂತವು. ಆದರೆ ಅದು ಶರ್ಟಿನ ಕೆಳಗೆ ಉಬ್ಬಿ ಕಾಣುತ್ತದೆ. ಡಾಲಸಿನ ಬೇಸಿಗೆಯಲ್ಲಿ ಮೇಲೆ ಕೋಟು ಹಾಕಿಕೊಳ್ಳುವವರು ಯಾರು? ಕೊನೆಗೆ ಹೊಡೆದದ್ದು ಉದ್ದ ನಳಿಗೆಯ ಪಾಯಿಂಟ್ 22. ಒದೆತವೇ ಇಲ್ಲ, ತೋಟಾ ಅಗ್ಗ. ಅದರಲ್ಲಿ ಅಕ್ಕ ಭಾವನಿಗಿಂತ ಚೆನ್ನಾಗಿ ಹೊಡೆದಳು. ಇದನ್ನು ಹೇಳುವಾಗ ಭಾವನ ದನಿ ಸ್ವಲ್ಪ ಸಣ್ಣದಾಗಿತ್ತು.

ಆ ರಾತ್ರಿ ಅಕ್ಕನಿಗೆ ನಾನು ಒಂದು ಲೆಕ್ಕ ಹೇಳಿದೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅದರಲ್ಲಿ 26,328 ಆತ್ಮಹತ್ಯೆಗಳು. ಹೊರಗಿನಿಂದ ಬರುವ ಕಳ್ಳನ ಲೆಕ್ಕ ಹಾಕುವಾಗ ಮನೆಯೊಳಗಿನವರ ಲೆಕ್ಕವನ್ನೂ ಹಾಕಬೇಕಲ್ಲ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಬೀಗದ ಪೆಟ್ಟಿಗೆ ಎಂಥದ್ದು ತಗೋಬೇಕು ಅಂತ ನೋಡಿ ಹೇಳು' ಎಂದಳು.

ಈಗ ಅವರ ಮನೆಯಲ್ಲಿ ಪಾಯಿಂಟ್ 22 ಒಂದಿದೆ. ಉಕ್ಕಿನ ಪೆಟ್ಟಿಗೆಯಲ್ಲಿ, ತೋಟಾ ಬೇರೆ ಪೆಟ್ಟಿಗೆಯಲ್ಲಿ. ಮೊದಲನೆಯದರ ಬೀಗದ ಕೈ ಅಕ್ಕನ ಬಳಿ, ಎರಡನೆಯದು ಭಾವನ ಬಳಿ. ತಿಂಗಳಿಗೆರಡು ಭಾನುವಾರ ಇಬ್ಬರೂ ರೇಂಜಿಗೆ ಹೋಗುತ್ತಾರೆ. ಸೊಂಟಕ್ಕೆ ಸಿಕ್ಕಿಸುವ ಪಿಸ್ತೂಲು ಇನ್ನೂ ಬಂದಿಲ್ಲ. ಆದರೆ ಭಾವ ಕಳೆದ ವಾರವೂ ಒಂದು ಹೊಸ ಮಾದರಿಯ ಚಿತ್ರ ಕಳಿಸಿ ಅಭಿಪ್ರಾಯ ಕೇಳಿದ್ದಾರೆ. ಒಂಬತ್ತು ವರ್ಷದ ದೊಡ್ಡ ಹುಡುಗ ಆ ಪೆಟ್ಟಿಗೆಯಲ್ಲಿ ಏನಿದೆ ಎಂದು ಅಮ್ಮನನ್ನು ಕೇಳಿದನಂತೆ. ಏನು ಹೇಳಲಿ ಎಂದು ಅವಳು ನನ್ನನ್ನು ಕೇಳಿದ್ದಾಳೆ. ನಾನಿನ್ನೂ ಉತ್ತರ ಕೊಟ್ಟಿಲ್ಲ.